ಬೂದಿದೇವನ ಕಾಲುಗಳು

ನುಕಾದಾ ಯಾಸುಹೆಯಿ ಹುಟ್ಟಿದಾಗಿನಿಂದ ಯಾರ ಮಾತಿಗೂ ಇಲ್ಲ ಎಂದವನಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಸಾತೊಯೆ ಇದನ್ನು ಒಳ್ಳೆಯ ಗುಣವೆಂದು ತಿಳಿದಿದ್ದಳು. ಆಮೇಲೆ ತಿಳಿವಳಿಕೆ ಬಂತು. ಟೋಕಿಯೋದ ಪಶ್ಚಿಮದ ಅಂಚಿನಲ್ಲಿ, ರೈಲು ನಿಲ್ದಾಣದಿಂದ ಸ್ನಾನಗೃಹದ ಚಿಮಣಿಯವರೆಗೆ ಉದ್ದಕ್ಕೂ ಚಾವಣಿ ಹೊದ್ದುಕೊಂಡಿರುವ ಅಂಗಡಿ ಬೀದಿಯಲ್ಲಿ ಅವನದೊಂದು ಲಾಂಡ್ರಿ. ಗಿರಾಕಿ ಬಂದು ಅಂಗಿಯ ಮೇಲಿನ ಕಲೆ ತೋರಿಸಿ "ಇದು ಪ್ಲಮ್ ಹಣ್ಣಿಂದು" ಎಂದರೆ ನುಕಾದಾ ತಲೆಯಾಡಿಸುತ್ತಾನೆ. ಹಿಂದೆಯೇ ಬಂದ ಗಿರಾಕಿಯ ಹೆಂಡತಿ "ಹಣ್ಣೂ ಇಲ್ಲ ಗಿಣ್ಣೂ ಇಲ್ಲ, ಯಾವಳದೋ ತುಟಿ ಬಣ್ಣ" ಎಂದರೆ ಅದಕ್ಕೂ ತಲೆಯಾಡಿಸುತ್ತಾನೆ. ಈ ಒಂದು ತಲೆಯಾಟದಿಂದಾಗಿ ಬೀದಿಯಲ್ಲಿ ಕನಿಷ್ಠ ಒಂದು ಸಂಸಾರ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದಿದೆ.

ಎದುರಿನವರು ಮಾತಾಡುವಾಗ ಕತ್ತು ಅಲ್ಲಾಡಿಸದೆ ಕೂರುವುದು ಆ ಊರಿನಲ್ಲಿ ಅಮರ್ಯಾದೆ. ಎಲ್ಲರೂ ಅಲ್ಲಾಡಿಸುತ್ತಾರೆ, ಕೇಳಿಸುತ್ತಿದೆ ಎಂದು ತಿಳಿಸಲಿಕ್ಕೆ. ಆದರೆ ನುಕಾದಾನ ತಲೆಯಾಟಕ್ಕೆ ಬೇರೆಯೇ ಒಂದು ಘನತೆಯಿತ್ತು. ಕಣ್ಣು ಅರೆಮುಚ್ಚಿ, ಗದ್ದವನ್ನು ಎದೆಗೆ ತಾಗಿಸಿ, "ಅದೇ ನೋಡಿ… ಅದೇ" ಎಂದು ಅವನು ಉಸಿರೆಳೆದುಕೊಂಡರೆ, ಮಾತಾಡಿದವರಿಗೆ ತಾವು ಇಷ್ಟು ವರ್ಷ ಬದುಕಿದ್ದು ಸಾರ್ಥಕ ಅನ್ನಿಸುತ್ತಿತ್ತು. ಆ ಹೊತ್ತಿನಲ್ಲಿ ಅವನು ಸಾಮಾನ್ಯವಾಗಿ ಬಾಯ್ಲರಿನ ಬಗ್ಗೆ ಯೋಚಿಸುತ್ತಿರುತ್ತಿದ್ದ.

ಆಗಸ್ಟಿನ ನಕ್ಷತ್ರ ಹಬ್ಬಕ್ಕೆ ಬಿದಿರು, ತಂತಿಯ ಹಂದರಕ್ಕೆ ಕಾಗದ ಅಂಟಿಸಿ, ಬಣ್ಣ ಬಳಿದು, ದೊಡ್ಡ ದೊಡ್ಡ ಗೊಂಬೆಗಳನ್ನು ಚಾವಣಿಯಿಂದ ತೂಗುಬಿಡುವುದು ಆ ಬೀದಿಯ ಪದ್ಧತಿ. ಈ ಸಲ ನಿಲ್ದಾಣದ ಕಡೆಯ ಬಾಗಿಲಿಗೆ ಎಲ್ಲ ಅಂಗಡಿಗಳೂ ಸೇರಿ ಒಂದೇ ಭಾರಿ ಗೊಂಬೆ ಮಾಡುವುದೆಂದಾಯಿತು. ವಿಷಯವೂ ನಿಶ್ಚಯವಾಯಿತು: ಹಳೆಯ ಕಾರ್ಟೂನ್ ಧಾರಾವಾಹಿಗಳ ಇಬ್ಬರು ಮಹಾ ಖಳರ ಕಾಳಗ. ಒಬ್ಬ ಬೂದಿದೇವ, ಅವನು ಮುಟ್ಟಿದ್ದೆಲ್ಲ ಬೂದಿ, ಗ್ರಹಗಳೂ ಸೇರಿದಂತೆ. ಇನ್ನೊಬ್ಬಳು ನೆರಳರಸಿ, ಅವಳು ಯಾರ ನೆರಳನ್ನು ತುಳಿದರೂ ಅವರು ಅವಳ ಕೈಗೊಂಬೆ. ಹಿಂದೊಂದು ಕಾಲದಲ್ಲಿ ಈ ಎರಡು ಧಾರಾವಾಹಿಗಳೂ ಭಾನುವಾರ ಸಂಜೆ ಒಂದೇ ಹೊತ್ತಿಗೆ ಬೇರೆ ಬೇರೆ ಚಾನೆಲ್ಲಿನಲ್ಲಿ ಬರುತ್ತಿದ್ದವು. ಒಂದೇ ಟೀವಿ ಇದ್ದ ಮನೆಗಳು ಆಗ ಒಡೆದದ್ದು ಇನ್ನೂ ಕೂಡಿಕೊಂಡಿರಲಿಲ್ಲ.

ಉಳಿದದ್ದು ಒಂದೇ ಪ್ರಶ್ನೆ. ಗೊಂಬೆಯಲ್ಲಿ ಮೇಲಿರುವವರು ಯಾರು, ಕೆಳಗೆ ಬಿದ್ದಿರುವವರು ಯಾರು?

ಇಂಥದ್ದನ್ನು ಸಭೆಯಲ್ಲಿ ಕುಳಿತು ತೀರ್ಮಾನಿಸುವಷ್ಟು ಒರಟರಲ್ಲ ಆ ಬೀದಿಯವರು. ಮೊದಲೇ ಅಂಗಡಿ ಅಂಗಡಿಗೆ ಹೋಗಿ, ಕೂತು, ಟೀ ಕುಡಿದು, ಒಬ್ಬೊಬ್ಬರ ಒಪ್ಪಿಗೆಯನ್ನೂ ಗಂಟು ಕಟ್ಟಿಕೊಂಡು ಬರಬೇಕು. ಸಭೆ ಇರುವುದು ಎಲ್ಲರೂ ಒಟ್ಟಿಗೆ ತಲೆದೂಗಿ ಮನೆಗೆ ಹೋಗುವುದಕ್ಕೆ. ಒಬ್ಬರು ಬೇಡವೆಂದರೂ ಕೆಲಸ ನಿಂತಿತು.

ಅಕ್ಕಿಯ ಗರಿಗರಿ ಬಿಲ್ಲೆ ಸುಟ್ಟು ಮಾರುವ ಒರಿಕಾಸಾ ಬೀದಿಯ ಸಂಘಕ್ಕೆ ಅಧ್ಯಕ್ಷರು. ಬೂದಿದೇವನ ಭಕ್ತರು. ಒಂದು ಚೀಲ ಬಿಲ್ಲೆ ಹಿಡಿದುಕೊಂಡು ಲಾಂಡ್ರಿಗೆ ಬಂದರು.

"ರೀ ನುಕಾದಾ, ನೀವೇ ಹೇಳಿ. ಅವಳು ನೆರಳು ತುಳೀತಾಳಂತೆ. ತುಳೀಲಿ! ಬೂದಿಗೆಲ್ಲಿಂದ ಬರುತ್ತೆ ನೆರಳು?"

"ಅದೇ ನೋಡಿ… ಅದೇ."

"ಗಾಳಿ ಬಂದ್ರೆ ಹಾರ್ತಾನೆ, ಮತ್ತೆ ಕೂಡ್ಕೋತಾನೆ. ಅಂಥವನನ್ನ ಯಾವಳು ಹಿಡೀತಾಳೆ?"

"ಯಾವಳು ಹಿಡೀತಾಳೆ," ಎಂದು ನುಕಾದಾ ನಿಟ್ಟುಸಿರಿಟ್ಟ. ಬಾಯ್ಲರಿನ ವಾಲ್ವು ಬೆಳಗಿನಿಂದ ಸೋರುತ್ತಿತ್ತು.

ಒರಿಕಾಸಾರ ಕಣ್ಣಲ್ಲಿ ನೀರಾಡಿತು. ಮನೆಯಲ್ಲಿ ಅವರು ಈ ವಿಷಯ ಎತ್ತಿದರೆ ಹೆಂಡತಿ ರೇಡಿಯೋ ಹಾಕುತ್ತಿದ್ದಳು. "ನೀವು ಪೂರ್ತಿ ಧಾರಾವಾಹಿ ನೋಡಿದ್ದೀರಿ ಅಲ್ವಾ?" ಎಂದು ಅವರು ತಗ್ಗಿದ ದನಿಯಲ್ಲಿ ಕೇಳಿದರು.

ಇಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಮನುಷ್ಯನಿಗೆ ಸಿಗುವುದಿಲ್ಲ. ನುಕಾದಾ ಬೂದಿದೇವನನ್ನು ಕಂಡಿದ್ದು ಒರಿಕಾಸಾರ ಅಂಗಡಿಯ ಗೋಡೆಯ ಚಿತ್ರದಲ್ಲಿ ಮಾತ್ರ. ಕೊಂಬು, ಉರಿಯುವ ಕಣ್ಣು, ಬಾಗಿಲಿನಷ್ಟು ಅಗಲದ ಎದೆ. ಎದೆಯಿಂದ ಕೆಳಗಿನದೆಲ್ಲ ಬಿಲ್ಲೆ ತುಂಬಿದ ಗಾಜಿನ ಭರಣಿಗಳ ಹಿಂದೆ ಮರೆಯಾಗಿತ್ತು. ಆದರೆ ಅಧ್ಯಕ್ಷರು ಅಷ್ಟು ದೂರ ಬಂದಿದ್ದಾರೆ, ಬಿಲ್ಲೆ ಇನ್ನೂ ಬಿಸಿಯಾಗಿದೆ.

"ನೋಡದೆ ಇರೋಕಾಗುತ್ತಾ?" ಎಂದ ನುಕಾದಾ. ಇದು ಪ್ರಶ್ನೆಯೇ ಹೊರತು ಸುಳ್ಳಲ್ಲ ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಒರಿಕಾಸಾ ಅತ್ತ ಹೋಗುವುದಕ್ಕೂ ತೋಫು ಅಂಗಡಿಯ ಮೊಗಾಮಿ ಅಮ್ಮ ಇತ್ತ ಬರುವುದಕ್ಕೂ ಸರಿಹೋಯಿತು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಸುಕಿನಲ್ಲೆದ್ದು ಸೋಯಾಕಾಳು ಅರೆದು ಅಂಗಡಿ ನಡೆಸುವ ಹೆಂಗಸು. ಆಕೆಯ ದನಿ ಅರೆಯುವ ಯಂತ್ರದ ಮೇಲೂ ಕೇಳಿಸುವಂಥದ್ದು. ಕೈಯಲ್ಲಿ ಬಟ್ಟಲು ತುಂಬ ನೀರು, ನೀರಲ್ಲಿ ಪನೀರಿನಂಥ ಬಿಳಿ ತೋಫು.

"ಆ ಬಿಲ್ಲೆಯವನು ಬಂದಿದ್ದನಲ್ಲ? ಬೂದಿಗೆ ನೆರಳಿಲ್ಲ ಅಂದಿರಬೇಕು. ನನ್ನ ತವರು ಕಾಗೋಷಿಮಾ ಕಣಪ್ಪಾ. ನಮ್ಮ ಬೆಂಕಿಬೆಟ್ಟ ಒಂದು ಸಲ ಕೆಮ್ಮಿದ್ರೆ ಮಟಮಟ ಮಧ್ಯಾಹ್ನ ಬೀದಿ ದೀಪ ಹಾಕ್ತಾರೆ. ಬೂದಿಯ ನೆರಳಲ್ಲೇ ಬೆಳೆದವಳು ನಾನು. ನನಗೆ ಹೇಳ್ತಾನಾ ಅವನು?"

"ಅದೇ ನೋಡಿ… ಅದೇ."

"ನೆರಳರಸಿ ಒಂದು ಸಲ ಕಾಲಿಟ್ಟಳು ಅಂದ್ರೆ ಮುಗೀತು."

"ಮುಗೀತು," ಎಂದ ನುಕಾದಾ. ವಾಲ್ವು ನಿಜಕ್ಕೂ ಮುಗಿದಿತ್ತು.

ಮೊಗಾಮಿ ಅಮ್ಮ ಅವನ ಕೈಹಿಡಿದುಕೊಂಡು, ಈ ಬೀದಿಯಲ್ಲಿ ಬುದ್ಧಿಯಿರುವವನು ನೀನೊಬ್ಬನೇ ಎಂದು ಹೇಳಿ ಹೋದರು. ಸಾತೊಯೆ ಒಳಗಿನಿಂದ ಬಂದು, ಮೇಜಿನ ಮೇಲೆ ಬಿಲ್ಲೆಯನ್ನೂ ತೋಫುವನ್ನೂ ಅಕ್ಕಪಕ್ಕ ನೋಡಿದಳು.

"ರೀ, ಇಬ್ಬರಿಗೂ ಏನಂದ್ರಿ?"

"ಏನೂ ಅನ್ನಲಿಲ್ಲ ಕಣೆ."

"ಅದೇ ನನ್ನ ಭಯ," ಎಂದಳು ಸಾತೊಯೆ.

ವಾರ ಕಳೆಯುವಷ್ಟರಲ್ಲಿ ನುಕಾದಾ ಖಳರ ವಿಷಯದಲ್ಲಿ ತಜ್ಞನಾಗಿ ಬಿಟ್ಟಿದ್ದ. ಒರಿಕಾಸಾ ಹೋದಲ್ಲೆಲ್ಲ "ನುಕಾದಾ ಒಪ್ಪಿದ್ದಾರೆ" ಎಂದರು; ಮೊಗಾಮಿ ಅಮ್ಮ ಹೋದಲ್ಲೆಲ್ಲ "ನುಕಾದಾನೇ ಹೇಳಿದ" ಎಂದರು. ಅವರಿಬ್ಬರೂ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡುವವರಲ್ಲವಾದ್ದರಿಂದ ಎರಡು ಸುದ್ದಿಗಳೂ ಬೀದಿಯ ಎರಡು ಮಗ್ಗುಲಲ್ಲಿ ಸುಖವಾಗಿ ಸಾಗಿದವು. ವಾರ್ಡ್ ಕಚೇರಿಯ ಉಬುಕಾತಾ ಎಂಬ ಅಧಿಕಾರಿ, ಬೇಸಿಗೆಯಲ್ಲೂ ಕುತ್ತಿಗೆಯ ಗುಂಡಿ ಬಿಚ್ಚದವನು, ಲಾಂಡ್ರಿಗೇ ಬಂದು, ಎರಡೂ ಕೈಯಲ್ಲಿ ತನ್ನ ಕಾರ್ಡು ನೀಡಿ ನಡುಬಗ್ಗಿಸಿ ನಿಂತ.

"ಹಬ್ಬದ ಕರಪತ್ರಕ್ಕೆ ತಜ್ಞರ ಅಭಿಪ್ರಾಯ ಬೇಕಿತ್ತು ಸಾರ್. ಯಾರು ಗೆಲ್ತಾರೆ?"

"ಅದು…" ನುಕಾದಾ ಬೆವರು ಒರೆಸಿಕೊಂಡ. "ಕಷ್ಟದ ಪ್ರಶ್ನೆ."

ಉಬುಕಾತಾ ಅದನ್ನು ಭಕ್ತಿಯಿಂದ ಬರೆದುಕೊಂಡ. ಕರಪತ್ರದಲ್ಲಿ ನುಕಾದಾನ ಫೋಟೋ ಕೆಳಗೆ ದಪ್ಪಕ್ಷರದಲ್ಲಿ "ಕಷ್ಟದ ಪ್ರಶ್ನೆ" ಎಂದು ಅಚ್ಚಾಯಿತು. ಓದಿದವರೆಲ್ಲ, ಬಲ್ಲವರು ಹೀಗೇ ಅಳೆದು ತೂಗಿ ಮಾತಾಡುತ್ತಾರೆ ಎಂದುಕೊಂಡರು.

ಇಷ್ಟಕ್ಕೇ ನಿಂತಿದ್ದರೆ ನುಕಾದಾ ಹೇಗಾದರೂ ಜಾರಿಕೊಳ್ಳುತ್ತಿದ್ದ. ಆದರೆ ಮನೆಯಲ್ಲಿ ಒಂದು ಪವಾಡ ನಡೆದುಹೋಯಿತು. ಅವನ ಮಗಳು ಮಾಹೊ ಹೈಸ್ಕೂಲು ಸೇರಿದಾಗಿನಿಂದ ಅಪ್ಪನೊಡನೆ ಆಡುತ್ತಿದ್ದ ಮಾತು "ಹೂಂ", "ಉಹೂಂ" ಮತ್ತು "ಬಾಗಿಲು ಹಾಕು". ಊಟದ ತಟ್ಟೆ ಎತ್ತಿಕೊಂಡು ತನ್ನ ಕೋಣೆ ಸೇರಿದರೆ, ಅಲ್ಲಿ ಬೆಳಗಿನ ತನಕ ಚಿತ್ರ ಬರೆಯುವುದು. ಆ ಹಳೆಯ ಧಾರಾವಾಹಿಗಳೆರಡೂ ಅವಳಿಗೆ ಬಾಯಿಪಾಠ. ಕರಪತ್ರ ಬಂದ ಸಂಜೆ ಅವಳು ತಟ್ಟೆ ತಂದು ಅಪ್ಪನ ಎದುರು ಕೂತಳು.

"ಅಪ್ಪಾ, ನೀನು ಬೂದಿದೇವನ್ನ ಪೂರ್ತಿ ನೋಡಿದ್ದೀಯಾ?"

ನುಕಾದಾನ ಕೈಯಲ್ಲಿದ್ದ ಊಟದ ಕಡ್ಡಿಗಳಿಂದ ಉಪ್ಪಿನಕಾಯಿ ಜಾರಿತು. ಅವನು ತಲೆಯಾಡಿಸಿದ.

"ಕೊನೇಲಿ ಅವನು ಅಳ್ತಾನಲ್ಲ, ಆಗ ನಿನಗೇನನ್ನಿಸ್ತು?"

"ಕರುಳು ಕಿತ್ತು ಬಂದ ಹಾಗಾಯ್ತು," ಎಂದ ನುಕಾದಾ.

ಮಾಹೊ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಬಟ್ಟಲಿಗೆ ಇನ್ನೊಂದಿಷ್ಟು ಅನ್ನ ಬಡಿಸಿದಳು. ಅವತ್ತಿನಿಂದ ದಿನಾ ಸಂಜೆ ಅವಳು ಎದುರಿಗೆ ಕೂರುವುದು, ಕೇಳುವುದು, ಇವನು ಬಾಯಿಗೆ ಬಂದದ್ದು ಹೇಳುವುದು. ಸಾತೊಯೆ ಸಾರು ಬಡಿಸುತ್ತ ಗಂಡನನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು. ನುಕಾದಾ ಹೇಳಿದ ಸುಳ್ಳನ್ನು ನಿಜ ಮಾಡಿಕೊಳ್ಳೋಣವೆಂದು ಒಂದೆರಡು ಸಲ ಧಾರಾವಾಹಿ ಹಚ್ಚಿ ಕೂತ. ನಸುಕಿಗೆದ್ದು ಬಾಯ್ಲರು ಹೊತ್ತಿಸುವ ಜೀವ, ಶೀರ್ಷಿಕೆಯ ಹಾಡು ಮುಗಿಯುವ ಮೊದಲೇ ಗೊರಕೆ ಹೊಡೆಯಿತು. ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ನಾಚಿಕೆಯಾಗುತ್ತಿತ್ತು. ಆದರೆ ಮಗಳು ಎದುರಿಗೆ ಬಂದು ಕೂತಾಗ ಅದು ಎಲ್ಲೋ ಹೋಗಿ ಅಡಗಿಕೊಳ್ಳುತ್ತಿತ್ತು.

ತಜ್ಞರ ಮಗಳು ಚಿತ್ರ ಬರೆಯುತ್ತಾಳೆಂದು ತಿಳಿದ ಸಂಘ, ಗೊಂಬೆಯ ನಕ್ಷೆಯನ್ನು ಅವಳಿಗೇ ವಹಿಸಿತು. ಸಭೆಯ ದಿನ ಅವಳು ಸುರುಳಿ ಸುತ್ತಿದ ಕಾಗದ ಹಿಡಿದು ಅಪ್ಪನಿಗಿಂತ ಎರಡು ಹೆಜ್ಜೆ ಮುಂದೆ ನಡೆದಳು. ಯಾರೋ "ನುಕಾದಾ ಅವರ ಮಗಳಲ್ವಾ?" ಎಂದು ಕೇಳಿದರೆ "ಹೂಂ" ಎಂದಳು. ಆ ಹೂಂ ಕೇಳಿ ನುಕಾದಾನಿಗೆ ಎದೆ ತುಂಬಿ ಬಂತು, ಹೆಜ್ಜೆ ಮಾತ್ರ ಇನ್ನಷ್ಟು ನಿಧಾನವಾಯಿತು.

ಸಂಘದ ಕೋಣೆಯ ಬಾಗಿಲಲ್ಲಿ ಎಲ್ಲರೂ ಬೂಟು ಕಳಚಿ ಸಾಲಾಗಿ ಇಟ್ಟಿದ್ದರು. ನುಕಾದಾ ಅವಸರದಲ್ಲಿ ಅಂಗಡಿಯ ನೀಲಿ ರಬ್ಬರ್ ಚಪ್ಪಲಿಯಲ್ಲೇ ಬಂದುಬಿಟ್ಟಿದ್ದ. ಎಡಗಾಲಿನದರ ಪಟ್ಟಿ ಕಿತ್ತುಹೋಗಿ, ಬಟ್ಟೆ ತೂಗುಹಾಕುವ ತಂತಿಯಿಂದ ಅದನ್ನು ಬಿಗಿದಿದ್ದ. ಅದನ್ನು ಯಾರಿಗೂ ಕಾಣದಂತೆ ಮೂಲೆಗೆ ಸರಿಸಿಟ್ಟು ಒಳಗೆ ಹೋಗಿ ಮಂಡಿಯೂರಿ ಕೂತ.

ಒರಿಕಾಸಾ ಗಂಟಲು ಸರಿಮಾಡಿಕೊಂಡರು. "ಎಲ್ಲರೂ ಮೊದಲೇ ಮಾತಾಡಿಕೊಂಡಿದ್ದೀವಿ. ಬೂದಿದೇವ ಮೇಲೆ. ತಜ್ಞರೂ ಒಪ್ಪಿದ್ದಾರೆ. ತಲೆದೂಗಿ ಮುಗಿಸೋಣ."

"ಏನಂದ್ರಿ?" ಮೊಗಾಮಿ ಅಮ್ಮನ ಕೈಯಲ್ಲಿದ್ದ ಟೀ ಬಟ್ಟಲು ಚಾಪೆಗೆ ಬಡಿಯಿತು. "ತಜ್ಞ ಒಪ್ಪಿದ್ದು ನನಗೆ!"

"ನನಗೆ, ಬಿಸಿ ಬಿಲ್ಲೆ ಸಾಕ್ಷಿಯಾಗಿ!"

"ಬಿಲ್ಲೆ ಯಾರಿಗೆ ಬೇಕು? ನನ್ನ ಕೈಹಿಡಿದು ಹೇಳಿದ್ದಾನೆ, 'ಮುಗೀತು' ಅಂತ!"

ಕೋಣೆಯ ಎಡಭಾಗ ಒಂದು, ಬಲಭಾಗ ಇನ್ನೊಂದು ಎಂದು ಗದ್ದಲವೆದ್ದಿತು. ಉಬುಕಾತಾ ಎದ್ದುನಿಂತು, "ದಯವಿಟ್ಟು, ದಯವಿಟ್ಟು. ಕಚೇರಿಗೆ ಬೇಕಾಗಿರೋದು ತೂಕ ಮಾತ್ರ. ಮೇಲಿರೋರ ತೂಕ ಎಷ್ಟು, ಕೆಳಗಿರೋರ ತೂಕ ಎಷ್ಟು. ಚಾವಣಿ ಕೊಂಡಿ ತಡೀಬೇಕಲ್ಲ," ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಎಲ್ಲ ಮುಖಗಳೂ ಒಟ್ಟಿಗೆ ನುಕಾದಾನ ಕಡೆ ತಿರುಗಿದವು.

"ನೀವೇ ಹೇಳಿಬಿಡಿ," ಎಂದರು ಒರಿಕಾಸಾ. "ಕಾಳಗ ಹೇಗೆ ನಡೆಯುತ್ತೆ, ಮೊದಲಿಂದ ಹೇಳಿ."

ಭೂಮಿ ಬಾಯ್ಬಿಡಬಾರದೇ ಅಂದುಕೊಂಡ ನುಕಾದಾ. ಟೋಕಿಯೋದ ಭೂಮಿ ಬೇಡದಾಗೆಲ್ಲ ಅಲ್ಲಾಡುತ್ತದೆ, ಅವತ್ತು ಗಟ್ಟಿಯಾಗಿ ಕೂತಿತ್ತು. ಮಾಹೊ ಗೋಡೆಯ ಪಕ್ಕದಲ್ಲಿ ಕಾಗದದ ಸುರುಳಿ ಹಿಡಿದು ಅವನನ್ನೇ ನೋಡುತ್ತಿದ್ದಳು. ಅವನು ಮಾತು ಶುರುಮಾಡಿದ.

"ಇಬ್ಬರೂ ಎದುರುಬದುರು ನಿಲ್ತಾರೆ." ಎಲ್ಲರೂ ತಲೆಯಾಡಿಸಿದರು. ಅವನಿಗೆ ಧೈರ್ಯ ಬಂತು. "ಬೂದಿದೇವ ಉರಿಗಣ್ಣು ಬಿಡ್ತಾನೆ. ನೆರಳರಸಿ ಹಿಂದೆ ಸರೀತಾಳೆ. ಅವನು ಬಿಡಲ್ಲ." ತಲೆಗಳು ಆಡಿದವು. ಜೀವಮಾನದಲ್ಲಿ ಮೊದಲ ಸಲ ಬೇರೆಯವರು ತನ್ನ ಮಾತಿಗೆ ತಲೆಯಾಡಿಸುವುದನ್ನು ಕಂಡು ನುಕಾದಾನಿಗೆ ಅಮಲೇರಿತು. ಅವನು ಮಂಡಿಯ ಮೇಲೆ ಎದ್ದ. "ಆಗ ಬೂದಿದೇವ ನಾಲ್ಕು ಹೆಜ್ಜೆ ಓಡಿ ಬರ್ತಾನೆ, ಬಂದು, ಬಲಗಾಲೆತ್ತಿ ಅವಳ ಸೊಂಟಕ್ಕೆ ಜಾಡಿಸಿ ಒದೀತಾನೆ!"

ಒಂದು ತಲೆಯೂ ಆಡಲಿಲ್ಲ.

"ಕಾಲು?" ಎಂದರು ಒರಿಕಾಸಾ, ತೀರ ಮೆಲ್ಲಗೆ.

"ಕಾಲು," ಎಂದ ನುಕಾದಾ.

"ಬೂದಿದೇವನಿಗೆ ಕಾಲಿಲ್ಲವಲ್ರೀ. ಎದೆಯಿಂದ ಕೆಳಗೆ ಅವನು ಬರೀ ಹೊಗೆ."

ನುಕಾದಾನ ಕಣ್ಣ ಮುಂದೆ ಗಾಜಿನ ಭರಣಿಗಳು ಸಾಲಾಗಿ ಬಂದು ನಿಂತವು.

"ಮೊದಲನೇ ಭಾಗದ ಮೊದಲನೇ ದೃಶ್ಯದಲ್ಲೇ ಗೊತ್ತಾಗುತ್ತೆ," ಎಂದು ಉಬುಕಾತಾ ತಡೆಯಲಾರದೆ ಸೇರಿಸಿದ. "ಅದಕ್ಕೇ ನಾನು ಅವನ ತೂಕ ಕಡಿಮೆ ಹಾಕಿದ್ದೆ."

"ಅಯ್ಯೋ, ಇವನು ಒಂದನ್ನೂ ನೋಡಿಲ್ಲ!" ಎಂದು ಮೊಗಾಮಿ ಅಮ್ಮ ಕಿರುಚಿದರು. "ಕರಪತ್ರದಲ್ಲಿ ಫೋಟೋ ಬೇರೆ!"

ನುಕಾದಾ ಹಣೆಯನ್ನು ಚಾಪೆಗೆ ಹಚ್ಚಿದ. ಚಾಪೆಯ ಒಣಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. "ತಪ್ಪಾಯ್ತು," ಎಂದ. ಅವನು ಅಷ್ಟು ಬಗ್ಗಿದ್ದನ್ನು ಕಂಡು ಅಧ್ಯಕ್ಷರಾಗಿ ಸುಮ್ಮನೆ ಕೂರುವಂತಿಲ್ಲವಾದ್ದರಿಂದ ಒರಿಕಾಸಾ "ನಾನು ಒತ್ತಾಯ ಮಾಡಿದ್ದೇ ತಪ್ಪು" ಎಂದು ಬಗ್ಗಿದರು. ಅವರು ಬಗ್ಗಿದರೆಂದು ಮೊಗಾಮಿ ಅಮ್ಮ ಅವರಿಗಿಂತ ಒಂದು ಬೆರಳು ಹೆಚ್ಚು ಬಗ್ಗಿದರು. ಕರಪತ್ರ ಅಚ್ಚು ಹಾಕಿಸಿದ್ದಕ್ಕೆ ಉಬುಕಾತಾ ಬಗ್ಗಿದ. ಕ್ಷಣದಲ್ಲಿ ಕೋಣೆಯಲ್ಲಿ ಕಾಣುತ್ತಿದ್ದದ್ದು ಬೆನ್ನುಗಳು ಮಾತ್ರ. ಎಲ್ಲರಿಗಿಂತ ಮೊದಲು ಬಗ್ಗಿದ್ದ ನುಕಾದಾ ಕಳ್ಳಗಣ್ಣಿನಿಂದ ಗೋಡೆಯ ಕಡೆ ನೋಡಿದ. ಮಾಹೊ ಇದ್ದ ಜಾಗ ಖಾಲಿಯಿತ್ತು. ಬಾಗಿಲು ಸರಿದ ಸದ್ದು ಕೇಳಿಸಿತು.

ಮರುದಿನ ಅವನು ಕರಿ ಕೋಟು ತೊಟ್ಟು, ಕೆಂಪು ಕಾಳಿನ ಮಿಠಾಯಿಯ ಪೆಟ್ಟಿಗೆಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕ್ಷಮೆ ಕೇಳುವ ಮೆರವಣಿಗೆ ಹೊರಟ. ಒರಿಕಾಸಾ ಪೆಟ್ಟಿಗೆ ತೆಗೆದುಕೊಂಡು ಅದಕ್ಕಿಂತ ದೊಡ್ಡ ಪೆಟ್ಟಿಗೆ ಕೈಗಿತ್ತರು. ಅದಕ್ಕೆ ಪ್ರತಿಯಾಗಿ ಇನ್ನೂ ದೊಡ್ಡದನ್ನು ಕೊಡಬೇಕಾಯಿತು. ಮೊಗಾಮಿ ಅಮ್ಮ ಬಾಗಿಲಲ್ಲೇ ತಡೆದು, "ಹೂಂ ಅನ್ನೋದು ಬಿಟ್ಟು ಬೇರೆ ಮಾತು ಕಲಿ, ಆಮೇಲೆ ಬಾ," ಎಂದು, ಬಟ್ಟಲು ತುಂಬ ತೋಫು ಕೊಟ್ಟು ಕಳಿಸಿದರು. ಅಂಗಡಿಗೆ ಬಂದ ಗಿರಾಕಿಗಳು ಕಲೆ ತೋರಿಸಿ, "ಇದು ಕಾಫಿ. ನೀವು ಒಪ್ಪೋದೇನೂ ಬೇಡ," ಎನ್ನತೊಡಗಿದರು.

ಅದೆಲ್ಲವನ್ನೂ ಅವನು ತಡೆದುಕೊಂಡ. ತಡೆಯಲಾಗದ್ದು ಊಟದ ಮೇಜು. ಮಾಹೊ ಮತ್ತೆ ತಟ್ಟೆ ಎತ್ತಿಕೊಂಡು ಕೋಣೆ ಸೇರುತ್ತಿದ್ದಳು. ಎದುರಿನ ಖಾಲಿ ಜಾಗ ನೋಡಿದರೆ ಅವನಿಗೆ ಕೋಣೆ ತುಂಬ ಜನರ ಮುಂದೆ ಆಗಿದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿತ್ತು. ಮಗುವಿನ ಮರ್ಯಾದೆ ಕಳೆದೆ, ಅವಳು ತಲೆಯೆತ್ತಿ ಶಾಲೆಗೆ ಹೋಗುವುದು ಹೇಗೆ ಎಂದು ಇಸ್ತ್ರಿ ಹಾಕುತ್ತ ಕೊರಗುತ್ತಿದ್ದ. ಎರಡು ಕಾಲರು ಸುಟ್ಟವು.

"ಅವಳ ಹತ್ರ ಹೋಗಿ ಕೇಳಬಾರದೇನ್ರೀ?" ಎಂದಳು ಸಾತೊಯೆ.

"ಏನಂತ ಕೇಳಲಿ? ಮತ್ತೆ ಸುಳ್ಳು ಬಂದ್ಬಿಟ್ರೆ?"

ಸಂಘವೂ ನಾಚಿಕೊಂಡಿತ್ತು. ಟೀವಿ ನೋಡದವನನ್ನು ತಜ್ಞನೆಂದು ನಂಬಿದ್ದಕ್ಕೆ ಯಾರಿಗೂ ಇನ್ನೊಬ್ಬರನ್ನು ಬೈಯುವ ಮುಖವಿರಲಿಲ್ಲ. ಹಾಗಾಗಿ ಬೀದಿಯ ಚರಿತ್ರೆಯಲ್ಲೇ ಮೊದಲ ಬಾರಿಗೆ, ಯಾರೂ ಯಾರ ಅಂಗಡಿಗೂ ಹೋಗದೆ ಒಮ್ಮತ ಬಂತು: ಮೇಲೆ ಯಾರು, ಕೆಳಗೆ ಯಾರು ಎಂಬುದನ್ನು ಚಿತ್ರ ಬರೆಯುವ ಹುಡುಗಿಯೇ ನೋಡಿಕೊಳ್ಳಲಿ. ಮಾಹೊ ದಿನಾ ಸಂಜೆ ಸಂಘದ ಕೋಣೆಗೆ ಹೋಗಿ, ಕೂದಲಿಗೆಲ್ಲ ಅಂಟು ಮೆತ್ತಿಕೊಂಡು ಬರುತ್ತಿದ್ದಳು. ಒಮ್ಮೆ ಲಾಂಡ್ರಿಯ ಹಿಂಬಾಗಿಲಲ್ಲಿ ನಿಂತು ಅವನು ಕೆಲಸ ಮಾಡುವುದನ್ನು ಬಹಳ ಹೊತ್ತು ನೋಡಿದಳು. ಏನು ಬೇಕಿತ್ತು ಎಂದು ಅವನು ಕೇಳುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಹಬ್ಬದ ಬೆಳಿಗ್ಗೆ ಗೊಂಬೆ ಮೇಲೇರಿತು. ಜನವೆಲ್ಲ ಕತ್ತೆತ್ತಿ ನೋಡುತ್ತಿದ್ದರು. ನುಕಾದಾ ಹೋಗಬಾರದೆಂದು ನಿಶ್ಚಯಿಸಿದ್ದ. ಸಾತೊಯೆ ತಳ್ಳಿಕೊಂಡು ಹೋದಳು.

ಕೊಂಬು, ಉರಿಗಣ್ಣು, ಬಾಗಿಲಿನಷ್ಟು ಅಗಲದ ಎದೆ. ಎದೆಯ ಕೆಳಗೆ ಹೊಗೆ ಇರಲಿಲ್ಲ. ಎರಡು ಕಾಲುಗಳಿದ್ದವು. ಬೂದಿದೇವ ಎಡಗಾಲ ಮೇಲೆ ನಿಂತು, ಬಲಗಾಲನ್ನು ಜಾಡಿಸಿ ಎತ್ತಿದ್ದ. ಆ ಒದೆ ನೆರಳರಸಿಯ ಸೊಂಟಕ್ಕೆ ಇನ್ನೇನು ತಾಗಬೇಕು. ಅದೇ ಗಳಿಗೆಯಲ್ಲಿ ನೆರಳರಸಿ ನಗುತ್ತ, ಅವನಿಗೆ ಹೊಸದಾಗಿ ಬಂದ ಕಾಲಿನ ನೆರಳನ್ನು ತುಳಿಯಲು ಪಾದ ಇಳಿಸುತ್ತಿದ್ದಳು. ಅದೂ ಇನ್ನೇನು ತಾಗಬೇಕು.

"ನೋಡಿದ್ರಾ? ಬೂದಿಗೂ ನೆರಳಿದೆ!" ಎಂದರು ಮೊಗಾಮಿ ಅಮ್ಮ.

"ಒದೆ ಮೊದಲು ಬೀಳುತ್ತೆ, ನೋಡ್ತಿರಿ," ಎಂದರು ಒರಿಕಾಸಾ. ಅವರಿಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರೆಂಬುದು ಇಬ್ಬರ ಗಮನಕ್ಕೂ ಬಂದಿರಲಿಲ್ಲ. ಉಬುಕಾತಾ ಮಾತ್ರ ಕೊಂಡಿಯನ್ನೇ ನೋಡುತ್ತ, ಕಾಲಿನ ತೂಕ ಯಾರೂ ತಿಳಿಸಲಿಲ್ಲವಲ್ಲ ಎಂದು ಗೊಣಗುತ್ತಿದ್ದ.

ನುಕಾದಾ ಕಾಲುಗಳನ್ನೇ ನೋಡುತ್ತಿದ್ದ. ಖಳರು ತೊಡುವಂಥ ಕಬ್ಬಿಣದ ಕವಚ ಅಲ್ಲಿರಲಿಲ್ಲ. ಮಾಸಿದ ಕಂದು ಷರಾಯಿ, ಮಂಡಿಯ ಬಳಿ ಸವೆದು ಹೊಳಪು ಬಂದದ್ದು. ಬಾಯ್ಲರಿನ ನೀರು ಸಿಡಿಯದಿರಲೆಂದು ಒಂದು ಕಡೆ ಮಾತ್ರ ಮಡಚಿದ ಅಂಚು. ಹೊರಕ್ಕೆ ಸ್ವಲ್ಪ ಬಾಗಿದ ಮೀನಖಂಡ. ಪಾದಗಳಲ್ಲಿ ನೀಲಿ ರಬ್ಬರ್ ಚಪ್ಪಲಿ. ಎಡಗಾಲಿನದಕ್ಕೆ ತಂತಿ ಬಿಗಿದಿತ್ತು. ತಾನು ಎಷ್ಟು ಸುತ್ತು ಸುತ್ತಿದ್ದನೋ ಅಷ್ಟೇ ಸುತ್ತು.

ಅವನ ಕಿವಿಯವರೆಗೂ ಬಿಸಿಯೇರಿತು. ಇಡೀ ಟೋಕಿಯೋ ಬಂದು ಹೋಗುವ ಬಾಗಿಲಲ್ಲಿ ತನ್ನ ಚಪ್ಪಲಿ ತೂಗಾಡುತ್ತಿದೆ. ಹಿಂದೆ ಸರಿದು ಕಂಬದ ಮರೆಗೆ ಹೋದರೆ ಅಲ್ಲಿ ಮಾಹೊ ನಿಂತಿದ್ದಳು.

"ನಿನ್ನ ಮರ್ಯಾದೆ ತೆಗೆದೆ ಮಗಳೇ," ಎಂದ ನುಕಾದಾ. "ನಾನು ಒಂದನ್ನೂ ನೋಡಿಲ್ಲ. ನಿನಗೂ ಸುಳ್ಳು ಹೇಳಿದೆ."

"ಗೊತ್ತು. ಬೂದಿದೇವನಿಗೆ ಕಣ್ಣೀರು ಬರಲ್ಲ ಅಪ್ಪಾ. ಅವನು ಅಳೋದೇ ಇಲ್ಲ. ಮೊದಲನೇ ದಿನಾನೇ ಗೊತ್ತಾಯ್ತು."

"ಮತ್ತೆ ದಿನಾ ಬಂದು ಕೂರ್ತಿದ್ದೆ?"

ಮಾಹೊ ಕೂದಲಲ್ಲಿ ಒಣಗಿದ ಅಂಟನ್ನು ಉಗುರಿನಿಂದ ಕೆರೆಯುತ್ತ, "ನೀನು ಮಾತಾಡ್ತಾ ಇದ್ದೆಯಲ್ಲ," ಎಂದಳು. "ನೀನು ಬರೀ ತಲೆ ಆಡಿಸ್ತೀಯ. ಏನು ಹೇಳಿದ್ರೂ ಅಷ್ಟೇ. ಅವತ್ತಿಂದ ನೀನೇ ಏನೇನೋ ಹುಟ್ಟಿಸಿ ಹೇಳ್ತಿದ್ದೆ. ಎಲ್ಲಾ ತಪ್ಪು. ಆದ್ರೂ ಚೆನ್ನಾಗಿತ್ತು."

"ಮತ್ತೆ ಸಭೆಯಿಂದ ಎದ್ದು ಹೋದೆ?"

"ನಗು ತಡೆಯೋಕಾಗಲಿಲ್ಲ. ಅಲ್ಲೆಲ್ಲ ಬಗ್ಗಿ ಕೂತಿದ್ರು, ನಕ್ಕಿದ್ರೆ ಏನಂದ್ಕೊಳ್ತಿದ್ರು? ಆಮೇಲೆ ನಿನ್ನ ಮುಖ ನೋಡಿದ್ರೆ ನಗು ಬರ್ತಿತ್ತು, ಅದಕ್ಕೇ ಕೋಣೇಲಿ ಊಟ ಮಾಡಿದೆ."

ನುಕಾದಾನ ಕತ್ತು ಅಭ್ಯಾಸಬಲದಿಂದ ಆಡಲು ಹೊರಟು, ನಡುವೆಯೇ ನಿಂತಿತು. ಅಷ್ಟು ದಿನ ಮಗಳು ಮಾತಾಡುವುದಿಲ್ಲ ಎಂದು ಕೊರಗಿದವನು ಅವನು. ಅಷ್ಟರಲ್ಲಿ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಕಂಬದ ಹತ್ತಿರ ಬಂದು, ಮೇಲಿನ ಚಪ್ಪಲಿಯನ್ನೂ ಕೆಳಗೆ ನುಕಾದಾನ ಕಾಲಲ್ಲಿದ್ದ ಚಪ್ಪಲಿಯನ್ನೂ ತಿರುತಿರುಗಿ ನೋಡಿದಳು.

"ಕ್ಷಮಿಸಿ, ಆ ಕಾಲು ನಿಮ್ಮದಾ?"

ಸುತ್ತಲಿನ ತಲೆಗಳೆಲ್ಲ ತಿರುಗಿದವು. ನುಕಾದಾ ಎಡಗಾಲನ್ನು ಬಲಗಾಲ ಹಿಂದೆ ಬಚ್ಚಿಟ್ಟ. ಐವತ್ತು ದಾಟಿದ ಮೇಲೆ, ಜನ್ಮದಲ್ಲಿ ಮೊದಲ ಬಾರಿಗೆ, ಅವನ ಬಾಯಿಂದ ಆ ಮಾತು ಬಂತು.

"ಇಲ್ಲ," ಎಂದ. "ಇಲ್ಲ, ಇಲ್ಲ. ನಂದಲ್ಲ."

ಮಾಹೊ ಅವನ ತೋಳು ಹಿಡಿದು ಕಂಬದ ಮರೆಯಿಂದ ಆಚೆ ಎಳೆದಳು.

"ಸುಳ್ಳು ಹೇಳ್ತಿದ್ದಾರೆ," ಎಂದಳು ಆ ಹೆಂಗಸಿಗೆ. "ನಮ್ಮಪ್ಪಂದೇ."